ಜಿಎನ್‌ಎಂ, ಬಿಎಸ್‌ಸಿ ನರ್ಸಿಂಗ್, ಎಎನ್‌ಎಂ, ಪ್ಯಾರಾಮೆಡಿಕಲ್: ಪಿಯುಸಿ ಆದ ಮೇಲೆ ಯಾವುದು?

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಕರೆಗಳು ಶುರುವಾಗುತ್ತವೆ. ‘ನರ್ಸಿಂಗ್ ಸೀಟು ಇದೆ, ಹಾಸ್ಟೆಲ್ ಉಚಿತ, ಕೆಲಸ ಗ್ಯಾರಂಟಿ, ಮುಂದೆ ಬೇಕಿದ್ದರೆ ಜರ್ಮನಿ.’ ಕರೆ ಮಾಡಿದವರು ಹೆಚ್ಚಾಗಿ ಕಾಲೇಜಿನವರೂ ಅಲ್ಲ, ಆಸ್ಪತ್ರೆಯವರೂ ಅಲ್ಲ. ಸೀಟಿಗೆ ಇಷ್ಟು ಎಂದು ಕಮಿಷನ್ ಪಡೆಯುವವರು. ಅವರ ಮಾತೆಲ್ಲ ಸುಳ್ಳು ಎನ್ನಲು ಬರುವುದಿಲ್ಲ. ಅರ್ಧ ನಿಜ, ಅದಕ್ಕೇ ಜನ ನಂಬುತ್ತಾರೆ.

ನಿಜವಾದ ಅರ್ಧ ಬೇಡಿಕೆಯದು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ 2023ರ ಹೊತ್ತಿಗೆ ಜಗತ್ತಿನಲ್ಲಿ ಇದ್ದ ನರ್ಸ್‌ಗಳು 2.98 ಕೋಟಿ; ಇನ್ನೂ ಬೇಕಾಗಿದ್ದವರು 58 ಲಕ್ಷ. ನಮ್ಮಲ್ಲಿ ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಏಳುತ್ತಿದೆ, ತಾಲ್ಲೂಕು ಆಸ್ಪತ್ರೆಗೂ ಡಯಾಲಿಸಿಸ್ ಯಂತ್ರ ಬಂದಿದೆ, ಮನೆಯಲ್ಲಿ ವಯಸ್ಸಾದವರ ಸಂಖ್ಯೆ ಹೆಚ್ಚುತ್ತಿದೆ. ವೈದ್ಯಕೀಯ ಕಾಲೇಜುಗಳ ಆವರಣದಲ್ಲೇ 157 ಹೊಸ ನರ್ಸಿಂಗ್ ಕಾಲೇಜುಗಳನ್ನು ತೆರೆಯಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ 1,570 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟದ್ದು ಇದೇ ಕಾರಣಕ್ಕೆ.

ಅವರು ಹೇಳದೆ ಬಿಡುವ ಅರ್ಧ ಸಂಬಳದ್ದು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ವಿಚಾರ ಸುಪ್ರೀಂ ಕೋರ್ಟ್ ತನಕ ಹೋಗಿ, 2016ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಒಂದು ಲೆಕ್ಕ ಕೊಟ್ಟಿತು: ಐವತ್ತು ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, ಇನ್ನೂರು ಹಾಸಿಗೆ ಮೀರಿದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು. ಬಹುಪಾಲು ಕಡೆ ಶಿಫಾರಸು ಶಿಫಾರಸಾಗಿಯೇ ಉಳಿಯಿತು. ಇಷ್ಟು ವರ್ಷ ಕಳೆದ ಮೇಲೂ ಹೊಸದಾಗಿ ಸೇರಿದವರ ಕೈಗೆ ಆ ಇಪ್ಪತ್ತು ಸಾವಿರ ಬಾರದ ನರ್ಸಿಂಗ್ ಹೋಮ್‌ಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಜನ ಸಾಲದು ಎನ್ನುವುದೂ ಸರಿ, ಇರುವವರಿಗೆ ಸಂಬಳ ಸಾಲದು ಎನ್ನುವುದೂ ಸರಿ. ಹಾಗಾಗಿ ‘ನರ್ಸಿಂಗ್‌ಗೆ ಡಿಮ್ಯಾಂಡ್ ಇದೆಯಾ?’ ಎಂದು ಕೇಳಿ ಪ್ರಯೋಜನವಿಲ್ಲ. ಈ ಪ್ರಮಾಣಪತ್ರ ಯಾವ ಬಾಗಿಲು ತೆರೆಯುತ್ತದೆ, ಯಾವುದನ್ನು ತೆರೆಯುವುದಿಲ್ಲ, ಇಲ್ಲಿಂದ ಮೇಲಕ್ಕೆ ಹತ್ತಲು ಮೆಟ್ಟಿಲಿದೆಯೇ ಎಂದು ಕೇಳಬೇಕು. ಮುಂದಿನ ಹೋಲಿಕೆಯನ್ನೆಲ್ಲ ಆ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ಜಿಎನ್‌ಎಂ ಅಥವಾ ಬಿಎಸ್‌ಸಿ

ಹೆಚ್ಚಿನ ಮನೆಗಳಲ್ಲಿ ಚರ್ಚೆ ನಡೆಯುವುದು ಇವೆರಡರ ನಡುವೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಕಲೆ, ವಾಣಿಜ್ಯ ಓದಿದವರೂ ಇಂಗ್ಲಿಷ್ ಒಂದು ವಿಷಯವಾಗಿದ್ದು ಶೇ 40 ಅಂಕ ಇದ್ದರೆ ಸೇರಬಹುದು. ಬಿಎಸ್‌ಸಿ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು, ಒಟ್ಟು ಶೇ 45 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 5ರ ರಿಯಾಯಿತಿ. ಕರ್ನಾಟಕದಲ್ಲಿ ಜಿಎನ್‌ಎಂ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಬಿಎಸ್‌ಸಿ ಪದವಿ ಕೊಡುವುದು ಹೆಚ್ಚಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಡೀಮ್ಡ್ ವಿಶ್ವವಿದ್ಯಾಲಯಗಳು. ಬಿಎಸ್‌ಸಿಯ ಸರ್ಕಾರಿ ಕೋಟಾದ ಸೀಟುಗಳು ಈಗ ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಆ ಅರ್ಜಿಯ ಗಡುವು ಪಿಯುಸಿ ಫಲಿತಾಂಶಕ್ಕಿಂತ ಮೊದಲೇ ಮುಗಿದುಹೋಗುವುದರಿಂದ ಎಷ್ಟೋ ಹಳ್ಳಿಯ ಮಕ್ಕಳು ಕಡಿಮೆ ಶುಲ್ಕದ ಸೀಟನ್ನು ಗೊತ್ತಿಲ್ಲದೆ ಕಳೆದುಕೊಳ್ಳುತ್ತಾರೆ.

ವಾರ್ಡ್‌ನೊಳಗೆ ಹೋಗಿ ನೋಡಿದರೆ ಇಬ್ಬರಿಗೂ ವ್ಯತ್ಯಾಸ ಕಾಣುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ರಾತ್ರಿ ಪಾಳಿಯವರಿಂದ ಹ್ಯಾಂಡ್‌ಓವರ್ ತೆಗೆದುಕೊಳ್ಳುವುದು, ಆರನೇ ಹಾಸಿಗೆಯ ಅಜ್ಜನ ಕೈಗೆ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಿದ ಜಾಗ ಊದಿಕೊಂಡಿದೆಯೇ ನೋಡುವುದು, ಒಂಬತ್ತರ ಇಂಜೆಕ್ಷನ್‌ಗೆ ಮೊದಲು ಕೇಸ್ ಶೀಟ್‌ನಲ್ಲಿ ಅಲರ್ಜಿ ಬರೆದಿದ್ದಾರೋ ಓದುವುದು, ‘ಡಾಕ್ಟ್ರು ಯಾವಾಗ ಬರ್ತಾರೆ ಸಿಸ್ಟರ್’ ಎನ್ನುವವರಿಗೆ ಹತ್ತನೇ ಸಲವೂ ಸಮಾಧಾನವಾಗಿ ಉತ್ತರಿಸುವುದು. ಕೆಲಸ ಒಂದೇ, ಸಮವಸ್ತ್ರ ಒಂದೇ, ಸಣ್ಣ ಖಾಸಗಿ ಆಸ್ಪತ್ರೆಯಲ್ಲಾದರೆ ಮೊದಲ ವರ್ಷದ ಸಂಬಳವೂ ಹೆಚ್ಚುಕಡಿಮೆ ಒಂದೇ. ಇದನ್ನು ನೋಡಿಯೇ ‘ಒಂದು ವರ್ಷ ಯಾಕೆ ಜಾಸ್ತಿ ಓದಬೇಕು’ ಎಂದು ಅಪ್ಪಂದಿರು ಕೇಳುವುದು.

ಉತ್ತರ ಸಿಗುವುದು ನೇಮಕಾತಿ ಅಧಿಸೂಚನೆಗಳಲ್ಲಿ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನೇ ನೋಡಿ. ಏಳನೇ ವೇತನ ಆಯೋಗದ 7ನೇ ಹಂತ, ಆರಂಭದ ಮೂಲ ವೇತನವೇ 44,900 ರೂಪಾಯಿ, ಭತ್ಯೆಗಳು ಬೇರೆ. ಬಿಎಸ್‌ಸಿ ಮುಗಿಸಿ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡವರು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರು ಕನಿಷ್ಠ ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ತೋರಿಸಬೇಕು. ಆಯುಷ್ಮಾನ್ ಆರೋಗ್ಯ ಮಂದಿರಗಳ (ಹಿಂದಿನ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು) ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೂ ಬಿಎಸ್‌ಸಿ ಇದ್ದವರ ದಾರಿ ಸಲೀಸು, ಆದರೆ ಅವು ಗುತ್ತಿಗೆಯ ಹುದ್ದೆಗಳು ಎಂಬುದು ನೆನಪಿರಲಿ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು, ಎಂಎಸ್‌ಸಿ ಮಾಡಬೇಕು ಎಂದರೆ ಪದವಿ ಇಲ್ಲದೆ ಆಗುವುದೇ ಇಲ್ಲ.

ಜಿಎನ್‌ಎಂ ಮಾಡಿದವರಿಗೆ ದಾರಿ ಮುಚ್ಚಿಲ್ಲ. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಮಾಡಿದರೆ ಪದವೀಧರರ ಸಾಲಿಗೇ ಬರುತ್ತಾರೆ. ಒಟ್ಟು ಐದು ವರ್ಷ ಹಿಡಿಯುತ್ತದೆ, ಅಷ್ಟೆ. ನನ್ನ ಅಭಿಪ್ರಾಯ ಕೇಳುವುದಾದರೆ: ವಿಜ್ಞಾನ ಓದಿದ್ದು, ಅಂಕವೂ ಇದ್ದು, ಮನೆಯವರು ನಾಲ್ಕು ವರ್ಷದ ಖರ್ಚು ಹೇಗೋ ನಿಭಾಯಿಸಬಲ್ಲರು ಎಂದಾದರೆ ಎರಡು ಮಾತಿಲ್ಲದೆ ಬಿಎಸ್‌ಸಿ. ಕಲೆ, ವಾಣಿಜ್ಯ ಓದಿದವರಿಗೆ ಜಿಎನ್‌ಎಂ ಒಳ್ಳೆಯ ದಾರಿ. ‘ಜಿಎನ್‌ಎಂ ಮುಚ್ಚಿಬಿಡುತ್ತಾರಂತೆ’ ಎಂಬ ಸುದ್ದಿ ಕೆಲವು ವರ್ಷಗಳಿಗೊಮ್ಮೆ ಎದ್ದು ತಣ್ಣಗಾಗುತ್ತದೆ; ಅದಕ್ಕೆ ಹೆದರಬೇಕಾಗಿಲ್ಲ.

ಹುಡುಗರ ವಿಚಾರ ಒಂದು ಮಾತು. ಇವೆರಡೂ ಕೋರ್ಸ್ ಹುಡುಗರಿಗೂ ತೆರೆದಿವೆ, ವಾರ್ಡ್‌ನಲ್ಲಿ ಅವರನ್ನು ‘ಬ್ರದರ್’ ಎಂದು ಕರೆಯುತ್ತಾರೆ. ಐಸಿಯು, ತುರ್ತು ಚಿಕಿತ್ಸೆ, ಮಾನಸಿಕ ಆರೋಗ್ಯ ವಿಭಾಗಗಳಲ್ಲಿ ಅವರಿಗೆ ಕೆಲಸ ಸಿಗುತ್ತದೆ. ಆದರೆ ಏಮ್ಸ್ ನೇಮಕಾತಿಯಲ್ಲಿ ಶೇ 80 ಹುದ್ದೆ ಮಹಿಳೆಯರಿಗೆ, ಶೇ 20 ಪುರುಷರಿಗೆ. ಅಲ್ಲಿ ಹುಡುಗರ ಪೈಪೋಟಿ ಬಿಗಿಯಾಗಿರುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಇದೆ, ಕರ್ನಾಟಕದಲ್ಲಿ ಅದರ ಸುದ್ದಿ ಎತ್ತುವವರೇ ಕಡಿಮೆ: ಮಿಲಿಟರಿ ನರ್ಸಿಂಗ್ ಸೇವೆ. ಸಶಸ್ತ್ರ ಪಡೆಗಳ ನರ್ಸಿಂಗ್ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ನೀಟ್ ಬರೆದಿರಬೇಕು, ಓದು ಉಚಿತ, ಮುಗಿದ ಮೇಲೆ ಅಧಿಕಾರಿ ದರ್ಜೆಯ ನೇಮಕಾತಿ. ಬಾಂಡ್ ಬರೆದುಕೊಡಬೇಕು, ಎಲ್ಲಿಗೆ ಹಾಕಿದರೂ ಹೋಗಬೇಕು. ಸೀಟು ತೀರಾ ಕಡಿಮೆ. ಆದರೂ ಅರ್ಜಿ ಹಾಕದೆ ಬಿಡುವಂಥದ್ದಲ್ಲ.

ಎಎನ್‌ಎಂ

ಎಎನ್‌ಎಂ ಎಂದರೆ ಸಹಾಯಕ ನರ್ಸ್ ಮತ್ತು ಪ್ರಸೂತಿ ಆರೈಕೆಯ ಕೋರ್ಸ್. ಎರಡು ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ, ಪಿಯುಸಿ ಯಾವ ವಿಭಾಗವಾದರೂ ಸರಿ. ಉಪಕೇಂದ್ರದಲ್ಲಿ ಗರ್ಭಿಣಿಯರ ತಾಯಿ ಕಾರ್ಡ್ ತುಂಬುವುದರಿಂದ ಹಿಡಿದು ಮಗುವಿಗೆ ಒಂಬತ್ತನೇ ತಿಂಗಳ ಲಸಿಕೆ ಹಾಕುವ ತನಕ ಹಳ್ಳಿಯ ಆರೋಗ್ಯ ನಿಂತಿರುವುದು ಇವರ ಮೇಲೆ. ಸರ್ಕಾರಿ ಹುದ್ದೆ ಸಿಕ್ಕರೆ ಗೌರವದ ಕೆಲಸ. ಸಿಗದಿದ್ದರೆ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಮಾಡುವ ಕೆಲಸವನ್ನೇ ಮಾಡಿಸಿಕೊಂಡು ಅದಕ್ಕಿಂತ ಕಡಿಮೆ ಕೊಡುತ್ತಾರೆ, ಹೊರದೇಶದ ಬಾಗಿಲಂತೂ ಇಲ್ಲವೆನ್ನಿ. ಒಂದು ವರ್ಷ ಹೆಚ್ಚು ಓದಿದರೆ ಜಿಎನ್‌ಎಂ ಆಗುತ್ತದೆ ಎನ್ನುವಾಗ ಇದನ್ನು ಆರಿಸಲು ಬಲವಾದ ಕಾರಣ ಬೇಕು. ಎಎನ್‌ಎಂ ಆದವರು ಆಮೇಲೆ ಜಿಎನ್‌ಎಂಗೆ ಸೇರಬಹುದು, ಆದರೆ ಮೊದಲ ವರ್ಷದಿಂದಲೇ.

ಆರು ತಿಂಗಳಲ್ಲಿ ‘ನರ್ಸಿಂಗ್’ ಕಲಿಸುತ್ತೇವೆ ಎನ್ನುವ ಬೋರ್ಡ್‌ಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಕಲಿತವರು ಆರೈಕೆ ಸಹಾಯಕರು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು ಬೆಲೆಯುಳ್ಳ ಕೆಲಸವೇ. ವಯಸ್ಸಾದವರಿರುವ ಮನೆಗಳಲ್ಲಿ ಅದಕ್ಕೆ ಬೇಡಿಕೆಯೂ ಇದೆ. ಆದರೆ ಆ ಪ್ರಮಾಣಪತ್ರ ಹಿಡಿದು ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸಲು ಆಗದು, ನೋಂದಣಿ ಇಲ್ಲದವರು ಕಾನೂನಿನ ಕಣ್ಣಿಗೆ ನರ್ಸ್ ಅಲ್ಲ.

ಪ್ಯಾರಾಮೆಡಿಕಲ್

ರೋಗಿಯ ಪಕ್ಕ ಎಂಟು ಗಂಟೆ ನಿಲ್ಲುವುದು ಎಲ್ಲರಿಗೂ ಆಗುವಂಥದ್ದಲ್ಲ. ಆಸ್ಪತ್ರೆಯಲ್ಲಿ ಕೆಲಸ ಬೇಕು, ಆದರೆ ಯಂತ್ರ, ಮಾದರಿ, ಅಳತೆ ಇವುಗಳ ಮೇಲೆ ಮನಸ್ಸು ಎನ್ನುವವರಿಗೆ ಲ್ಯಾಬ್, ಎಕ್ಸ್‌ರೇ ಮತ್ತು ಸ್ಕ್ಯಾನ್, ಡಯಾಲಿಸಿಸ್, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರ ಕೋರ್ಸ್‌ಗಳಿವೆ. ಡಿಪ್ಲೊಮಾಗಳನ್ನು ಕರ್ನಾಟಕ ಪ್ಯಾರಾಮೆಡಿಕಲ್ ಮಂಡಳಿ ನೋಡಿಕೊಳ್ಳುತ್ತದೆ, ಬಿಎಸ್‌ಸಿ ಕೋರ್ಸ್‌ಗಳು ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಈ ವೃತ್ತಿಗಳಿಗೆಂದೇ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿರುವುದರಿಂದ ಪಠ್ಯ, ಅವಧಿ, ನೋಂದಣಿ ಎಲ್ಲ ಬದಲಾಗುತ್ತಿವೆ. ಸೇರುವ ವರ್ಷದ ನಿಯಮವನ್ನೇ ನೋಡಿ, ಅಕ್ಕನ ಕಾಲದ ಮಾಹಿತಿ ನಂಬಬೇಡಿ.

ಇವುಗಳಲ್ಲಿ ಎಲ್ಲವೂ ಒಂದೇ ಅಲ್ಲ. ಲ್ಯಾಬ್ ತಂತ್ರಜ್ಞರ ಕೋರ್ಸ್‌ಗೆ ಸೇರುವವರೇ ಹೆಚ್ಚು, ಪೈಪೋಟಿಯೂ ಅಲ್ಲೇ ಹೆಚ್ಚು. ದೊಡ್ಡ ಲ್ಯಾಬ್ ಸರಪಳಿಗಳು ತಾಲ್ಲೂಕಿನಲ್ಲಿ ರಕ್ತ ಸಂಗ್ರಹಿಸಿ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಮಾಡುತ್ತಿವೆ. ಹಾಗಾಗಿ ಸ್ವಂತ ಊರಿನಲ್ಲೇ ಕೆಲಸ ಬೇಕೆಂದು ಈ ಕೋರ್ಸ್ ಆರಿಸಿದವರಿಗೆ ಕೊನೆಗೆ ಸಿಗುವುದು ರಕ್ತ ತೆಗೆದು ಟ್ಯೂಬ್‌ಗೆ ಚೀಟಿ ಅಂಟಿಸುವ ಕೆಲಸ ಮಾತ್ರ ಆಗಬಹುದು. ಡಯಾಲಿಸಿಸ್ ಇದಕ್ಕೆ ತದ್ವಿರುದ್ಧ. ಕಿಡ್ನಿ ಸೋತವರು ವಾರಕ್ಕೆ ಎರಡು ಮೂರು ಸಲ ಬರಲೇಬೇಕು, ಬೆಂಗಳೂರಿಗೆ ಕಳುಹಿಸಲು ಬರುವುದಿಲ್ಲ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಸಣ್ಣ ಊರಿನಲ್ಲೂ ಹುದ್ದೆ ಹುಟ್ಟಿದೆ. ತೊಡಕೆಂದರೆ ಬಹುಪಾಲು ಹೊರಗುತ್ತಿಗೆ. ಏಜೆನ್ಸಿ ಬದಲಾದಾಗಲೆಲ್ಲ ಸಂಬಳ ತಡವಾದೀತು. ಎಕ್ಸ್‌ರೇ, ಸಿಟಿ, ಎಂಆರ್‌ಐ ಕಲಿತವರಿಗೆ ಸ್ಕ್ಯಾನ್ ಕೇಂದ್ರಗಳು ಹೆಚ್ಚಿದಂತೆಲ್ಲ ಅವಕಾಶ ಬೆಳೆಯುತ್ತಿದೆ; ಎಕ್ಸ್‌ರೇ ಕೊಠಡಿಯಲ್ಲಿ ದುಡಿಯುವವರ ಎದೆಗೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರಬೇಕು, ಕಾಲೇಜು ನೋಡಲು ಹೋದಾಗ ಅಲ್ಲಿನ ತಂತ್ರಜ್ಞರ ಕೋಟಿನ ಮೇಲೆ ಅದಿದೆಯೇ ಎಂದು ಸುಮ್ಮನೆ ಕಣ್ಣಾಡಿಸಿ. ಆ ಸಂಸ್ಥೆ ನಿಯಮವನ್ನು ಎಷ್ಟು ಲೆಕ್ಕಕ್ಕೆ ಇಟ್ಟಿದೆ ಎಂದು ಅಷ್ಟರಲ್ಲೇ ತಿಳಿಯುತ್ತದೆ.

ನರ್ಸಿಂಗ್‌ಗೆ ಹೋಲಿಸಿದರೆ ಪ್ಯಾರಾಮೆಡಿಕಲ್‌ನಲ್ಲಿ ರಾತ್ರಿ ಪಾಳಿ ಕೆಲವು ಕಡೆ ಕಡಿಮೆ. ಹೊರದೇಶದ ಬಾಗಿಲುಗಳೂ ಕಡಿಮೆ. ವಿಭಾಗ ಬದಲಿಸುವುದಂತೂ ಕಷ್ಟ: ನರ್ಸ್ ಆದವರು ಇಂದು ಮಕ್ಕಳ ವಾರ್ಡ್, ನಾಳೆ ಐಸಿಯು ಎಂದು ಹೋಗಬಹುದು, ಡಯಾಲಿಸಿಸ್ ತಂತ್ರಜ್ಞ ಕೊನೆಯವರೆಗೂ ಡಯಾಲಿಸಿಸ್ ಯಂತ್ರದ ಪಕ್ಕದಲ್ಲೇ.

ಕೋರ್ಸ್‌ಗಿಂತ ಕಾಲೇಜು ದೊಡ್ಡದು

ಒಳ್ಳೆಯ ಆಸ್ಪತ್ರೆ ಇರುವ ಕಾಲೇಜಿನ ಜಿಎನ್‌ಎಂ, ಆಸ್ಪತ್ರೆಯೇ ಇಲ್ಲದ ಕಾಲೇಜಿನ ಬಿಎಸ್‌ಸಿಗಿಂತ ಮೇಲು. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಎಷ್ಟು ಹೆಚ್ಚೆಂದರೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಅವುಗಳಲ್ಲಿ ಅತ್ಯುತ್ತಮವಾದವೂ ಇವೆ, ವಾಣಿಜ್ಯ ಸಂಕೀರ್ಣದ ಎರಡನೇ ಮಹಡಿಯಲ್ಲಿ ಒಂದು ರಬ್ಬರ್ ಗೊಂಬೆ ಇಟ್ಟುಕೊಂಡು ‘ಲ್ಯಾಬ್’ ಎನ್ನುವವೂ ಇವೆ.

ಮೊದಲು ಪಟ್ಟಿ ನೋಡಿ. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು, ಭಾರತೀಯ ನರ್ಸಿಂಗ್ ಪರಿಷತ್ತು ಎರಡರ ಪಟ್ಟಿಯಲ್ಲೂ ಹೆಸರಿರಲಿ. ಬಿಎಸ್‌ಸಿಗಾದರೆ ವಿಶ್ವವಿದ್ಯಾಲಯದ ಸಂಯೋಜನೆಯೂ ಬೇಕು. ಮಾನ್ಯತೆ ಕೊಡುವುದು ಯಾರ ಅಧಿಕಾರ ಎಂದು ಹಿಂದೊಮ್ಮೆ ರಾಜ್ಯಕ್ಕೂ ಭಾರತೀಯ ಪರಿಷತ್ತಿಗೂ ಜಟಾಪಟಿ ನಡೆದು ಕೋರ್ಟ್ ಮೆಟ್ಟಿಲು ಹತ್ತಿದಾಗ ಚಿಂತೆಗೆ ಬಿದ್ದವರು ವಿದ್ಯಾರ್ಥಿಗಳು. ಹಾಗಾಗಿ ‘ಒಂದಿದ್ದರೆ ಸಾಕು’ ಎನ್ನುವ ಮಾತಿಗೆ ಕಿವಿಗೊಡಬೇಡಿ.

ಆಮೇಲೆ ಆಸ್ಪತ್ರೆ. ಪರಿಷತ್ತಿನ ಮಾನದಂಡದಲ್ಲಿ ತರಬೇತಿಯಲ್ಲಿರುವ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ. ವರ್ಷಕ್ಕೆ ಅರವತ್ತು ಸೀಟು ತುಂಬುವ ಕಾಲೇಜಿಗೆ ಅರ್ಧ ಖಾಲಿ ಬಿದ್ದಿರುವ ನೂರು ಹಾಸಿಗೆಯ ಆಸ್ಪತ್ರೆ ಎಲ್ಲಿ ಸಾಲುತ್ತದೆ? ಹೊರಗಿನ ಆಸ್ಪತ್ರೆಗೆ ಕಳುಹಿಸುತ್ತೇವೆ ಎನ್ನುತ್ತಾರೆ. ಯಾವ ಆಸ್ಪತ್ರೆ, ತಿಂಗಳಿಗೆ ಎಷ್ಟು ದಿನ ಎಂದು ಕೇಳಿ. ಇನ್ನೂ ಒಳ್ಳೆಯದೆಂದರೆ ಕಾಲೇಜಿನ ಕಚೇರಿಗೆ ಹೋಗುವ ಬದಲು ಬೆಳಿಗ್ಗೆ ಏಳೂವರೆಗೆ ಗೇಟಿನ ಬಳಿ ಹೋಗಿ ನಿಲ್ಲಿ. ಸಮವಸ್ತ್ರ ಹಾಕಿದ ವಿದ್ಯಾರ್ಥಿಗಳು ಬಸ್ ಹತ್ತುತ್ತಾರೆಯೇ, ಬಸ್ ಎಲ್ಲಿಗೆ ಹೋಗುತ್ತದೆ ನೋಡಿ. ಕೊನೆಯ ವರ್ಷದವರು ಒಬ್ಬರು ಸಿಕ್ಕರೆ ಮೂರೇ ಪ್ರಶ್ನೆ ಸಾಕು: ಕ್ಯಾನುಲಾ ನೀವೇ ಹಾಕಿದ್ದೀರಾ? ಹೆರಿಗೆ ಕೊಠಡಿಯಲ್ಲಿ ನಿಂತು ನೋಡಿದ್ದೋ, ಕೈಯಾರೆ ಮಾಡಿಸಿದ್ದೋ? ನೀವು ಮಾಡಿದ ಕೆಲಸ ದಾಖಲಿಸುವ ಕೇಸ್ ಬುಕ್‌ಗೆ ಸಹಿ ಯಾವಾಗ ಹಾಕುತ್ತಾರೆ? ಕೊನೆಯ ಪ್ರಶ್ನೆಗೆ ‘ಪರೀಕ್ಷೆಗೆ ಮುಂಚೆ ಎಲ್ಲ ಒಟ್ಟಿಗೆ’ ಎಂಬ ಉತ್ತರ ಬಂದರೆ ಆ ಕಾಲೇಜಿನ ಮಾತು ಅಲ್ಲಿಗೆ ಮುಗಿಯಿತು.

ಶುಲ್ಕದ ವಿಚಾರದಲ್ಲಿ ನಾಲ್ಕೂ ವರ್ಷದ ಮೊತ್ತ, ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮೂಲ ಅಂಕಪಟ್ಟಿಯನ್ನು ‘ಕೋರ್ಸ್ ಮುಗಿಯುವ ತನಕ ನಮ್ಮಲ್ಲಿ ಇರಲಿ’ ಎಂದು ಇಟ್ಟುಕೊಳ್ಳುವವರು ಮುಂದೆ ಅದನ್ನೇ ಒತ್ತೆಯಾಗಿ ಬಳಸುತ್ತಾರೆ. ಪರಿಶೀಲನೆಗೆ ತೋರಿಸಿ, ನಕಲು ಕೊಟ್ಟು, ಮೂಲ ಪ್ರತಿ ವಾಪಸ್ ತನ್ನಿ. ನಾಲ್ಕು ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳುವಂತಿಲ್ಲ. ಕೇಳಿದರೆ ಲಿಖಿತವಾಗಿ ಕೇಳಲು ಹೇಳಿ, ಮಾತಿನ ಧಾಟಿ ಬದಲಾಗುತ್ತದೆ.

ಹೊರದೇಶದ ಲೆಕ್ಕ

ಕೊಲ್ಲಿ ದೇಶಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ, ಅಲ್ಲಿನ ಪರವಾನಗಿ ಪರೀಕ್ಷೆ, ಜೊತೆಗೆ ಡೇಟಾಫ್ಲೋ ಪರಿಶೀಲನೆ ಬೇಕು. ಈ ಪರಿಶೀಲನೆಯಲ್ಲಿ ನಿಮ್ಮ ವಿಶ್ವವಿದ್ಯಾಲಯ, ಪರಿಷತ್ತು, ಕೆಲಸ ಮಾಡಿದ ಆಸ್ಪತ್ರೆ ಎಲ್ಲವನ್ನೂ ನೇರವಾಗಿ ವಿಚಾರಿಸುತ್ತಾರೆ, ದುಡ್ಡು ಕೊಟ್ಟು ಬರೆಸಿದ ಅನುಭವಪತ್ರ ಅಲ್ಲಿ ಸಿಕ್ಕಿಬೀಳುತ್ತದೆ. ಸೌದಿಯಲ್ಲಿ ಬಿಎಸ್‌ಸಿಯವರಿಗೂ ಡಿಪ್ಲೊಮಾದವರಿಗೂ ದರ್ಜೆಯೇ ಬೇರೆ. ಇಲ್ಲಿ ಜಿಎನ್‌ಎಂ ಹಿಂದೆ ಬೀಳುತ್ತದೆ.

ಬ್ರಿಟನ್ ಜಿಎನ್‌ಎಂ ಮತ್ತು ಬಿಎಸ್‌ಸಿ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಮಾತಿಗೆ 7, ಬರವಣಿಗೆಗೆ 6.5 ಬರಬೇಕು, ಇಲ್ಲವೇ ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆ ಓಇಟಿ; ಆಮೇಲೆ ಕಂಪ್ಯೂಟರ್ ಪರೀಕ್ಷೆ ಮತ್ತು ಅಲ್ಲಿಗೆ ಹೋಗಿ ಕೈಕೆಲಸದ ಪರೀಕ್ಷೆ. ಆದರೆ 2024ರ ನಂತರ ಅಲ್ಲಿ ಹೊರದೇಶದವರ ನೇಮಕಾತಿ ಇಳಿಮುಖ. ನರ್ಸ್ ಆಗಲು ಆಗದಿದ್ದರೆ ‘ಕೇರ್ ವರ್ಕರ್’ ವೀಸಾ ಕೊಡಿಸುತ್ತೇವೆ ಎನ್ನುವವರು ಈಗಲೂ ಇದ್ದಾರೆ. ಹೊರದೇಶದಿಂದ ಹೊಸಬರನ್ನು ಹಾಗೆ ತೆಗೆದುಕೊಳ್ಳುವುದನ್ನು ಬ್ರಿಟನ್ 2025ರ ಜುಲೈನಲ್ಲೇ ನಿಲ್ಲಿಸಿದೆ. ಅಮೆರಿಕದ ನರ್ಸಿಂಗ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸು ಮಾಡುವುದಕ್ಕಿಂತ ದೊಡ್ಡ ಕಷ್ಟ ಇರುವುದು ಭಾರತೀಯರ ಇಬಿ-3 (ಉದ್ಯೋಗದ ಮೇಲೆ ಕಾಯಂ ವಾಸಕ್ಕೆ ಕೊಡುವ) ವೀಸಾ ಸರದಿಯಲ್ಲಿ. ಅದು ಹತ್ತು ವರ್ಷ ಮೀರಿ ಹಿಂದೆ ನಿಂತಿದೆ.

ಜರ್ಮನಿಗೆ ಭಾಷೆಯೇ ಬಾಗಿಲು. ಬಿ2 ಮಟ್ಟದ (ಸರಾಗವಾಗಿ ಮಾತಾಡಬಲ್ಲಷ್ಟು) ಜರ್ಮನ್ ಕಲಿಯದೆ ಪೂರ್ಣ ನರ್ಸ್ ಎಂಬ ಮಾನ್ಯತೆ ಸಿಗುವುದಿಲ್ಲ, ಅಲ್ಲಿಯವರೆಗೆ ಸಹಾಯಕರ ಸಂಬಳ. ಓದುವಾಗಲೇ ಭಾಷೆ ಶುರುಮಾಡಿದವರಿಗೂ ಡಿಗ್ರಿ ಮುಗಿದ ಮೇಲೆ ಶುರುಮಾಡಿದವರಿಗೂ ಒಂದೂವರೆ, ಎರಡು ವರ್ಷದ ಅಂತರ ಬೀಳುತ್ತದೆ. ಜರ್ಮನ್ ಸರ್ಕಾರದ ಸಂಸ್ಥೆಗಳೇ ನಡೆಸುವ ‘ಟ್ರಿಪಲ್ ವಿನ್’ ಎಂಬ ನರ್ಸ್ ನೇಮಕಾತಿ ಯೋಜನೆಗೆ ಕೇರಳ ತನ್ನ ಅನಿವಾಸಿಗಳ ಸಂಸ್ಥೆ ನೋರ್ಕಾ ಮೂಲಕ 2021ರಲ್ಲೇ ಒಪ್ಪಂದ ಮಾಡಿಕೊಂಡಿತು. ನಮ್ಮಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಖಾಸಗಿ ಏಜೆಂಟರ ಬಳಿ ಹೋಗುವ ಮೊದಲು ಅಲ್ಲಿ ವಿಚಾರಿಸಿ. ಏಜೆಂಟರ ಮೂಲಕವೇ ಹೋಗುವುದಾದರೆ ಅವರ ಹೆಸರು ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಇರಬೇಕು. ನಿಯಮದಂತೆ ಅವರು ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳ ಮಾತಾಡುವವರಿಗೆ ಈ ಸಂಖ್ಯೆ ಹೇಳಿ ರಸೀದಿ ಕೇಳಿ.

ಒಂದು ವರ್ಷ ಕಾಯಬೇಕೇ?

ಸಿಇಟಿ ತಪ್ಪಿತು ಅಥವಾ ಒಳ್ಳೆಯ ಬಿಎಸ್‌ಸಿ ಸೀಟು ಸಿಗಲಿಲ್ಲ. ಈಗ ಜಿಎನ್‌ಎಂ ಸೇರುವುದೋ, ಮುಂದಿನ ವರ್ಷಕ್ಕೆ ಕಾಯುವುದೋ? ಜೂನ್, ಜುಲೈನಲ್ಲಿ ಬಹಳ ಮನೆಗಳಲ್ಲಿ ಇದೇ ಚರ್ಚೆ. ಲೆಕ್ಕ ಹಾಕಿ ನೋಡಿ. ಕಾದು ಬಿಎಸ್‌ಸಿ ಸೇರಿದರೆ ಇಂದಿನಿಂದ ಐದು ವರ್ಷಕ್ಕೆ ನಾರ್ಸೆಟ್ ಬರೆಯುವ ಅರ್ಹತೆ. ಈಗಲೇ ಜಿಎನ್‌ಎಂ ಸೇರಿ ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದರೂ ಅದೇ ಐದು ವರ್ಷ, ಜೊತೆಗೆ ಎರಡು ವರ್ಷದ ಸಂಬಳ. ಕೊಲ್ಲಿ ದೇಶ ಕೇಳುವ ಅನುಭವವೂ ಅಷ್ಟರಲ್ಲಿ ಕೂಡಿಬಂದಿರುತ್ತದೆ. ಇಲ್ಲಿಯವರೆಗೆ ಜಿಎನ್‌ಎಂ ಮೇಲು. ಬೋಧನೆ, ಎಂಎಸ್‌ಸಿ, ಸೌದಿಯ ಮೇಲಿನ ದರ್ಜೆ ಬೇಕೆಂದರೆ ಜಿಎನ್‌ಎಂ ದಾರಿಗೆ, ದುಡಿದ ಆ ಎರಡು ವರ್ಷವಲ್ಲದೆ, ಪೋಸ್ಟ್ ಬೇಸಿಕ್‌ನ ಎರಡು ವರ್ಷವೂ ಸೇರುತ್ತದೆ, ಆಗ ಕಾದವರು ಮುಂದೆ.

ಮನೆಯಲ್ಲಿ ದುಡಿಮೆ ಬೇಗ ಬೇಕಿದ್ದರೆ ಕಾಯಬೇಡಿ. ಕಾಯುವುದೇ ಆದರೆ ಆ ವರ್ಷವನ್ನು ಸಿಇಟಿ ತಯಾರಿಗೂ ಇಂಗ್ಲಿಷ್‌ಗೂ ಕೊಡಿ, ಸಿಇಟಿ ಅರ್ಜಿಯ ಪ್ರಕಟಣೆಗೆ ಡಿಸೆಂಬರ್‌ನಿಂದಲೇ ಪರೀಕ್ಷಾ ಪ್ರಾಧಿಕಾರದ ಜಾಲತಾಣ ನೋಡುತ್ತಿರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕನ್ನಡ ಮಾಧ್ಯಮ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳನ್ನು ಅದಕ್ಕೂ ಮೊದಲೇ ಮಾಡಿಸಿಟ್ಟುಕೊಳ್ಳಿ. ಅವಿಲ್ಲದೆ ಮೀಸಲಾತಿಯ ಸೀಟಿಗೆ ಹಕ್ಕು ಹೇಳಲು ಆಗುವುದಿಲ್ಲ, ನಾಡಕಚೇರಿಯಲ್ಲಿ ಕೊನೆಯ ವಾರದ ಸಾಲು ಯಾರಿಗೂ ಕರಗುವುದಿಲ್ಲ.